ಬೋರ್ಡೇ ಇಲ್ಲದ ಮನೆಯಲ್ಲಿ ಗನ್ ಟ್ರಾನ್ಸ್‌ಫರ್ ಮಾಡಿಸ್ದೆ

ಡಲ್ಲಾಸ್‌ನಿಂದ ಉತ್ತರಕ್ಕಿರೋ ನಮ್ಮ ಸಬ್‌ಡಿವಿಷನ್‌ನಲ್ಲೇ ಒಬ್ರು ಲೈಸೆನ್ಸ್ ಇಟ್ಕೊಂಡು ಮನೆಯಿಂದಾನೇ ಗನ್ ವ್ಯಾಪಾರ ಮಾಡ್ತಾರೆ ಅಂತ ಶೂಟಿಂಗ್ ರೇಂಜಲ್ಲಿ ಯಾರೋ ಹೇಳಿದಾಗ ನಾನು ನಂಬ್ಲೇ ಇಲ್ಲ, ಕಸದ ಡಬ್ಬ ಒಂದಿನ ಜಾಸ್ತಿ ಹೊರಗಿದ್ರೂ ನೋಟಿಸ್ ಕಳ್ಸೋ ಎಚ್‌ಓಎ, ಅಂದ್ರೆ ಬಡಾವಣೆ ಮನೆಯವ್ರ ಸಂಘ, ನಮ್ದು.

ನಾನು ಬೇರೆ ಸ್ಟೇಟ್‌ನ ಅಂಗಡಿಯಿಂದ ಆನ್‌ಲೈನಲ್ಲಿ ಪಾಯಿಂಟ್ 22 ಕ್ಯಾಲಿಬರ್‌ನ ಒಂದು ಟಾರ್ಗೆಟ್ ಪಿಸ್ತೂಲ್ ತಗೊಂಡಿದ್ದೆ. ಅದು ನೇರ ಮನೆಗೆ ಬರೋ ಹಾಗಿಲ್ಲ, ಟೆಕ್ಸಾಸ್‌ನಲ್ಲೇ ಇರೋ ಎಫ್‌ಎಫ್‌ಎಲ್, ಅಂದ್ರೆ ಫೆಡರಲ್ ಲೈಸೆನ್ಸ್ ಇರೋ ಡೀಲರ್ ಹತ್ರ ಬಂದು ಅವ್ರ ಕೈಯಿಂದ ತಗೋಬೇಕು. ಈ ಟ್ರಾನ್ಸ್‌ಫರ್‌ಗೆ ದೊಡ್ಡ ಅಂಗಡಿಲಿ 50 ಡಾಲರ್ ಹೇಳಿದ್ರು, ನಮ್ಮ ಸಬ್‌ಡಿವಿಷನ್‌ನ ಇವ್ರು 25.

ಹೋದ್ರೆ ಬೋರ್ಡ್ ಇಲ್ಲ ಏನಿಲ್ಲ, ಅಕ್ಕಪಕ್ಕದ ಮನೆ ಥರಾನೇ. ರೋಡಲ್ಲಿ ಕಾರ್ ನಿಲ್ಸಿದ್ದೆ, ಬಾಗಿಲು ತೆಗೆದವ್ರು ಮೊದ್ಲು ಹೇಳಿದ್ದೇ ದಯವಿಟ್ಟು ಡ್ರೈವ್‌ವೇಗೆ ತನ್ನಿ ಅಂತ. ಲೈಸೆನ್ಸ್‌ಗೆ ಅರ್ಜಿ ಹಾಕೋ ಮುಂಚೆನೇ ಎಚ್‌ಓಎ ಕಮಿಟಿ ಹತ್ರ ಹೋಗಿ ಲಿಖಿತ ಒಪ್ಪಿಗೆ ತಗೊಂಡಿದಾರಂತೆ, ಬೋರ್ಡ್ ಹಾಕಬಾರ್ದು, ಬಂದವ್ರ ಕಾರ್ ರೋಡಲ್ಲಿ ನಿಲ್ಬಾರ್ದು, ಒಂದ್ಸಲಕ್ಕೆ ಒಬ್ರೇ ಗಿರಾಕಿ ಅನ್ನೋ ಕಂಡೀಷನ್ ಮೇಲೆ. ಫೆಡರಲ್ ಲೈಸೆನ್ಸ್ ಇದ್ಬಿಟ್ರೆ ಎಚ್‌ಓಎ ಕರಾರು ಮೀರಬಹುದು ಅಂತ ತುಂಬಾ ಜನ ಅಂದ್ಕೊಂಡಿದಾರೆ, ಹಾಗಿಲ್ಲ, ಅದು ಬೇರೆ ಇದು ಬೇರೆ, ಊರಿನ ಜೋನಿಂಗ್ ರೂಲ್ಸ್ ಮತ್ತೂ ಬೇರೆ. ಲೈಸೆನ್ಸ್ ಫೀ ಮೊದಲ 3 ವರ್ಷಕ್ಕೆ 200 ಡಾಲರ್, ಆಮೇಲೆ ರಿನ್ಯೂ ಮಾಡಿದ್ರೆ 90, ದುಡ್ಡೇನು ದೊಡ್ದಲ್ಲ. ಆದ್ರೆ ಎಟಿಎಫ್‌ನವ್ರು, ಅಂದ್ರೆ ಈ ಲೈಸೆನ್ಸ್ ಕೊಡೋ ಫೆಡರಲ್ ಇಲಾಖೆಯವ್ರು, 12 ತಿಂಗಳಲ್ಲಿ ಒಂದ್ಸಲ ವಾರಂಟ್ ಇಲ್ದೇನೇ ಬಂದು ಲೆಕ್ಕದ ಪುಸ್ತಕ, ಸ್ಟಾಕು ಎಲ್ಲಾ ನೋಡಬಹುದು, ಮನೆ ಅಂತ ವಿನಾಯ್ತಿ ಇಲ್ಲ.

ಗ್ಯಾರೇಜ್ ಪಕ್ಕದ ಸಣ್ಣ ರೂಮು, ನೆಲಕ್ಕೆ ಬೋಲ್ಟ್ ಹಾಕಿರೋ ಸೇಫು, ಒಂದು ಮೇಜು. ಬಾಕ್ಸ್ ತೆಗ್ದು ಸೀರಿಯಲ್ ನಂಬರ್‌ನ ಒಂದೊಂದೇ ಅಕ್ಷರ ಜೋರಾಗಿ ಓದಿ ಪುಸ್ತಕದಲ್ಲಿರೋದ್ರ ಜೊತೆ ಎರಡು ಸಲ ತಾಳೆ ನೋಡಿದ್ರು. ಆ ಸಾಲಲ್ಲಿ ಎಡಗಡೆ ಯಾರಿಂದ ಬಂತು ಅಂತ ತುಂಬಿತ್ತು, ಬಲಗಡೆ ಯಾರಿಗೆ ಹೋಯ್ತು ಅನ್ನೋದು ಖಾಲಿ. ಆಮೇಲೆ ಗನ್ ತಗೊಳೋವ್ರು ತುಂಬೋ ಫೆಡರಲ್ ಫಾರ್ಮ್ 4473 ಕೊಟ್ಟು, ನಿಮ್ಮ ಭಾಗ ನೀವೇ ತುಂಬ್ಬೇಕು, ನಾನು ಬರೆಯೋ ಹಾಗಿಲ್ಲ ಅಂದ್ರು. ನನ್ನ ಡ್ರೈವಿಂಗ್ ಲೈಸೆನ್ಸಲ್ಲಿ ಹಳೇ ಅಪಾರ್ಟ್‌ಮೆಂಟ್ ವಿಳಾಸ ಇತ್ತು, ಅಲ್ಲೇ ಹಿಡಿದ್ರು. ಮನೆಗೆ ವಾಪಸ್ ಹೋಗಿ ಹೊಸ ವಿಳಾಸ ಇರೋ ಕಾರ್ ರಿಜಿಸ್ಟ್ರೇಷನ್ ತಂದ್ಮೇಲೇನೇ ಮುಂದಿನ ಕೆಲ್ಸ. ಆಗ ಬೇಜಾರಾಯ್ತು, ಆದ್ರೆ ಇಂಥವ್ರ ಹತ್ರಾನೇ ಗನ್ ತಗೋಬೇಕು ಅಂತ ಈಗ ಅನ್ಸತ್ತೆ.

ಎಫ್‌ಬಿಐ ಬ್ಯಾಕ್‌ಗ್ರೌಂಡ್ ಚೆಕ್ ಮಾಮೂಲಾಗಿ ನಿಮಿಷಗಳಲ್ಲಿ ಮುಗಿಯತ್ತೆ, ನಂದು ಡಿಲೇ ಅಂತ ಬಂತು. 3 ಬಿಸಿನೆಸ್ ಡೇ ಕಳೆದ್ರೆ ಉತ್ತರ ಬರ್ದಿದ್ರೂ ಕೊಡೋಕೆ ಕಾನೂನು ಬಿಡತ್ತೆ, ಇವ್ರು ಮಾತ್ರ ಪ್ರೊಸೀಡ್, ಅಂದ್ರೆ ಕೊಡಬಹುದು, ಅಂತ ಬರೋವರ್ಗೂ ಕೊಡಲ್ಲ ಅಂತ ಮುಖಕ್ಕೇ ಹೇಳಿದ್ರು. ಮಾರನೇ ದಿನಾನೇ ಬಂತು.

ಒಂದೇ ತೊಂದ್ರೆ ಅಂದ್ರೆ ಟೈಮು. ವಾರದಲ್ಲಿ ಎರಡು ಸಂಜೆ ಮತ್ತೆ ಶನಿವಾರ ಅಷ್ಟೇ, ಪಾರ್ಸೆಲ್‌ಗೆ ದೊಡ್ಡವ್ರ ಸಹಿ ಬೇಕಾದ್ರಿಂದ ಅವ್ರು ಮನೇಲಿಲ್ದಾಗ ಕೊರಿಯರ್‌ನವ್ರು ವಾಪಸ್ ತಗೊಂಡ್ಹೋಗಿ ನಂದು ಒಂದಿನ ಲೇಟಾಯ್ತು. 5ಕ್ಕೆ ನಾಲ್ಕೂವರೆ ಕೊಡ್ತೀನಿ.

ಹೋಗೋ ಮುಂಚೆ ಐಡಿಲಿ ವಿಳಾಸ ಸರಿ ಇದ್ಯಾ ನೋಡ್ಕೊಳಿ. ಎಚ್1ಬಿ ಅಲ್ಲಿರೋ ಸ್ನೇಹಿತ್ರು ಕೇಳ್ತಿದ್ರು, ಗ್ರೀನ್ ಕಾರ್ಡ್ ಇದ್ರೆ ಆಗತ್ತೆ, ವೀಸಾದಲ್ಲಿ ಬಂದಿರೋವ್ರಿಗೆ ಹಂಟಿಂಗ್ ಲೈಸೆನ್ಸ್ ಥರದ ಕೆಲವು ವಿನಾಯ್ತಿ ಬಿಟ್ರೆ ಗನ್ ಮುಟ್ಟೋ ಹಾಗೇ ಇಲ್ಲ, ಸುಮ್ನೆ ಫಾರ್ಮ್ ತುಂಬಿ ಸಿಕ್ಕಾಕೋಬೇಡಿ.