ಹೋಂಸ್ಟೇಯ ವೈಫೈ ಕಂಟ್ರೋಲರ್: ಎಲ್ಲ ಸರಿ, ಗಡಿಯಾರವೊಂದನ್ನು ಬಿಟ್ಟು

ಐದು ನಕ್ಷತ್ರ ಕೊಡಬೇಕೆಂದಿದ್ದವನು ಮೂರಕ್ಕೆ ನಿಂತಿದ್ದೇನೆ. ಉಳಿದೆರಡನ್ನು ಗಡಿಯಾರ ನುಂಗಿತು.

ಮೂಡಿಗೆರೆ ಕಡೆಯ ಕಾಫಿ ತೋಟದಲ್ಲಿ ನಮ್ಮ ಹೋಂಸ್ಟೇ. ಮನೆ, ಇಳಿಜಾರಿನ ಕಾಟೇಜುಗಳು, ಗೋದಾಮು ಎಂದು ಅಲ್ಲಲ್ಲಿ ವೈಫೈ ಪೆಟ್ಟಿಗೆ ಕೂರಿಸಿ, ಎಲ್ಲದರ ಉಸ್ತುವಾರಿಯನ್ನು ಈ ಕಂಟ್ರೋಲರಿಗೆ ಒಪ್ಪಿಸಿದ್ದೇನೆ. ವೇಗ, ವ್ಯಾಪ್ತಿಯ ಅಂಕಿಗಳು ಡಬ್ಬಿಯ ಮೇಲೆಯೇ ಇವೆ, ಅವುಗಳ ತಂಟೆಗೆ ಹೋಗುವುದಿಲ್ಲ. ಅಂಗಳದಲ್ಲಿ ವಾಟ್ಸಾಪ್ ಕರೆ ಹಿಡಿದು ಹೊರಟ ಅತಿಥಿ ಹಳ್ಳದ ಬದಿಯ ಕಾಟೇಜು ತಲುಪಿದರೂ ಮಾತು ಕಡಿಯುವುದಿಲ್ಲ. ನನಗೆ ಅಷ್ಟು ಸಾಕು.

ಬೆಳಗಿನ ಕಾಫಿಯ ಹೊತ್ತಿಗೆ, ಆ ದಿನ ಬರುವವರಿಗೆ ವೈಫೈ ಕೂಪನ್ ತೆಗೆದಿಡುತ್ತೇನೆ. ಕೋಣೆಗೊಂದು ಸಂಖ್ಯೆ, 24 ಗಂಟೆಯ ವಾಯಿದೆ. ಹಾಳೆಯಲ್ಲಿ ಮುದ್ರಿಸಿ, ಕತ್ತರಿಯಿಂದ ನೀಟಾಗಿ ಕತ್ತರಿಸಿ, ಆಯಾ ಕೋಣೆಯ ಬೀಗದ ಕೈಗೆ ಸಿಕ್ಕಿಸುವುದು. ಕಾಗದವೇಕೆ, ವಾಟ್ಸಾಪ್‌ನಲ್ಲಿ ಕಳಿಸಬಾರದೇ ಎಂದು ಮಗಳು ನಗುತ್ತಾಳೆ. ಮೊಬೈಲ್ ಸಿಗ್ನಲ್ ಗೇಟಿನ ಬಳಿಗೇ ಮುಗಿಯುವ ಊರಿನಲ್ಲಿ, ವೈಫೈ ಇಲ್ಲದೆ ವಾಟ್ಸಾಪ್ ಎಲ್ಲಿಂದ ಬರಬೇಕು?

ಮಳೆಗಾಲದ ಒಂದು ಬೆಳಿಗ್ಗೆ ಕೂಪನ್ನಿನ ಮೇಲೆ ಅಚ್ಚಾಗಿ ಬಂದ ದಿನಾಂಕ 1970ರ ಜನವರಿ 1. ಹಿಂದಿನ ದಿನ ಗಾಳಿಗೆ ತಂತಿಯ ಮೇಲೆ ಮರ ಬಿದ್ದು ಕರೆಂಟ್ ಹೋಗಿತ್ತು, ಇನ್ವರ್ಟರೂ ಕೈಕೊಟ್ಟಿತ್ತು. ಇಂಥ ಯಂತ್ರಗಳು ಕಾಲವನ್ನು 1970ರ ಆರಂಭದಿಂದ ಸೆಕೆಂಡುಗಳಲ್ಲಿ ಎಣಿಸುತ್ತವೆ. ನೆನಪು ಅಳಿಸಿಹೋದರೆ ಎಣಿಕೆ ಮತ್ತೆ ಸೊನ್ನೆಯಿಂದ. ಆ ಸೊನ್ನೆ ಗ್ರೀನಿಚ್‌ನ ಮಧ್ಯರಾತ್ರಿಗೆ ಸೇರಿದ್ದು, ನಮ್ಮ ಲೆಕ್ಕದಲ್ಲಿ ಬೆಳಗಿನ ಐದೂವರೆ. ಹಾಗಾಗಿ ಕರೆಂಟ್ ಯಾವ ಹೊತ್ತಿನಲ್ಲಿ ಬಂದರೂ ನಮ್ಮ ಕಂಟ್ರೋಲರಿಗೆ ಆಗಷ್ಟೇ ಬೆಳಗಾಗಿರುತ್ತದೆ.

ನಗುವಷ್ಟಕ್ಕೇ ಮುಗಿದಿದ್ದರೆ ಬಿಟ್ಟುಬಿಡುತ್ತಿದ್ದೆ. ಅತಿಥಿಗಳ ವೈಫೈ ರಾತ್ರಿ 11ಕ್ಕೆ ನಿಂತು ಬೆಳಿಗ್ಗೆ 5ಕ್ಕೆ ಬರುವಂತೆ ಹೊಂದಿಸಿದ್ದೇನೆ. ಸಂಜೆ ಆರಕ್ಕೆ ಕರೆಂಟ್ ಬಂದರೆ, ಇದರ ಪಾಲಿನ ರಾತ್ರಿ 11 ಆಗುವುದು ಮರುದಿನ ಹಗಲು ಹನ್ನೊಂದೂವರೆಗೆ! ಕಚೇರಿಯ ಸಭೆಯ ನಡುವೆ ಸಂಪರ್ಕ ಕಳೆದುಕೊಂಡ ಬೆಂಗಳೂರಿನ ಅತಿಥಿಯೊಬ್ಬರು ಹೊರಗೆ ಬಂದು, "ಯಜಮಾನರೇ, ನಿಮ್ಮಲ್ಲಿ ಹಗಲಿಗೂ ಬೀಗವೇ?" ಎಂದು ಕೇಳಿದರು. ದಿನಾಂಕ ತಿದ್ದಿದೆನೋ, 1970ರಲ್ಲಿ ಹುಟ್ಟಿದ ಕೂಪನ್ನುಗಳ ವಾಯಿದೆಯೆಲ್ಲ ಒಂದೇ ಕ್ಷಣದಲ್ಲಿ ಮುಗಿಯಿತು. ಮತ್ತೆ ಮುದ್ರಣ, ಮತ್ತೆ ಕತ್ತರಿ.

ತಾನಾಗಿಯೇ ಸರಿಹೋಗಬೇಕಲ್ಲ ಎನ್ನುತ್ತೀರಿ. ಜಾಲದ ಮೂಲಕ ಸಮಯ ಕೇಳಿ ತಿಳಿಯುವ ಎನ್‌ಟಿಪಿ ಪದ್ಧತಿ 1985ರಿಂದಲೂ ಇದೆ, ಇದರಲ್ಲೂ ಇದೆ. ಆದರೆ ಇದು ಒಂದೇ ನಿಮಿಷಕ್ಕೆ ಎದ್ದು ಕೂರುತ್ತದೆ. ಫೈಬರ್ ಮೋಡೆಮ್ ಇನ್ನೂ ಕಣ್ಣುಜ್ಜುತ್ತಿರುತ್ತದೆ. ಕೇಳುವುದು ಒಮ್ಮೆ. ಉತ್ತರ ಬರದಿದ್ದರೆ ಮತ್ತೆ ಕೇಳುವುದು ಮರುದಿನವೇ. ಫೋನಿನ ಆ್ಯಪ್‌ನಿಂದ ತಿದ್ದೋಣವೆಂದರೆ ಅದೂ ಸೇರದು: ಕಂಪನಿಯ ಸರ್ವರಿನ ಭದ್ರತಾ ಪ್ರಮಾಣಪತ್ರ 1970ರಲ್ಲಿ ಇನ್ನೂ ಜಾರಿಗೇ ಬಂದಿರಲಿಲ್ಲವಲ್ಲ, ಕಂಟ್ರೋಲರ್ ಅದನ್ನು ನಂಬುವುದಿಲ್ಲ. ಲ್ಯಾಪ್‌ಟಾಪಿಗೆ ಕೇಬಲ್ ಸಿಕ್ಕಿಸಿ ಕೈಯಾರೆ ತಿದ್ದಬೇಕು.

ವಾರಂಟಿ ಮುಗಿದ ಮೇಲೆ ಮುಚ್ಚಳ ಬಿಚ್ಚಿದೆ. ಹಸಿರು ಬೋರ್ಡಿನ ಮೂಲೆಯಲ್ಲಿ ನಾಣ್ಯದಗಲದ ಬಿಳಿ ವೃತ್ತ, ಪಕ್ಕದಲ್ಲಿ ಪ್ಲಸ್ ಗುರುತು, ಏನನ್ನೂ ಬೆಸೆಯದ ಎರಡು ತೂತು. ಸಿಆರ್2032 ಬಿಲ್ಲೆ ಬ್ಯಾಟರಿಗೆಂದೇ ಮಾಡಿದ ಜಾಗ, ಬ್ಯಾಟರಿ ಮಾತ್ರ ಇಲ್ಲ. ಅಡುಗೆಮನೆಯ ಗೋಡೆ ಗಡಿಯಾರ ಒಂದು ಪೆನ್ಸಿಲ್ ಸೆಲ್ಲಿನಲ್ಲಿ ವರ್ಷ ದೂಡುತ್ತದೆ. ಸಾವಿರಾರು ರೂಪಾಯಿಯ ಯಂತ್ರಕ್ಕೆ ಇಷ್ಟನ್ನು ಹಾಕಲು ಕೈ ಬರಲಿಲ್ಲ. ಚಿಕ್ಕಮಗಳೂರಿನ ಅಂಗಡಿಯವರನ್ನು ಕೇಳಿದರೆ, "ಸರ್, ಇದು ಕಚೇರಿಗಳಿಗೆಂದು ಮಾಡಿದ್ದು. ಅಲ್ಲಿ ಯುಪಿಎಸ್ ಇದ್ದೇ ಇರುತ್ತದೆ" ಎಂದರು. ಈ ಮಾತನ್ನು ಬಿಲ್ ಹರಿಯುವ ಮೊದಲು ಹೇಳಬಹುದಿತ್ತು.

ಇಷ್ಟಾದರೂ ಮಾರಿಲ್ಲ. ಅಟ್ಟದಲ್ಲಿ ಹಳೆಯ ಫ್ರಿಜ್ಜಿನ ಸ್ಟೆಬಿಲೈಸರ್ ಬಿದ್ದಿತ್ತು. ಕಂಪ್ರೆಸರ್ ಕೆಡದಿರಲೆಂದು ಅದು ಕರೆಂಟ್ ಬಂದ ಮೇಲೂ ಸುಮಾರು ಮೂರು ನಿಮಿಷ ತಡೆದು, ಆಮೇಲಷ್ಟೇ ಒಳಗೆ ಬಿಡುತ್ತದೆ. ಕಂಟ್ರೋಲರನ್ನು ಅದಕ್ಕೆ ಸಿಕ್ಕಿಸಿದೆ, ಮೋಡೆಮನ್ನು ನೇರ ಸಾಕೆಟ್ಟಿಗೆ. ಈಗ ಮೋಡೆಮ್ ಮೊದಲು ಏಳುತ್ತದೆ. ಸ್ಟೆಬಿಲೈಸರ್ ಟಕ್ ಎನ್ನುತ್ತದೆ, ಕಂಟ್ರೋಲರ್ ಎದ್ದು ಸಮಯ ಕೇಳುತ್ತದೆ, ಕೇಳಿದ ತಕ್ಷಣ ಉತ್ತರ ಸಿಗುತ್ತದೆ. ಆ ಟಕ್ ಕೇಳುವುದಕ್ಕೆಂದೇ ಜಗುಲಿಯಲ್ಲಿ ಕಾಯುತ್ತೇನೆ ಎಂದು ಮನೆಯವಳ ದೂರು. ಫೈಬರೇ ಕಡಿದ ದಿನ ಮಾತ್ರ ಮತ್ತೆ 1970, ಮತ್ತೆ ಲ್ಯಾಪ್‌ಟಾಪ್.

ಪೇಟೆಯಲ್ಲಿರುವವರು, ಯುಪಿಎಸ್ ಇರುವವರು ಧೈರ್ಯವಾಗಿ ಕೊಳ್ಳಿ. ನಮ್ಮ ಕಡೆಯವರು ಅಂಗಡಿಯಲ್ಲೇ ಒಂದು ಪರೀಕ್ಷೆ ಮಾಡಿಸಿ: ಇಂಟರ್ನೆಟ್ ಕೇಬಲ್ ಕೀಳಿಸಿ, ಪ್ಲಗ್ ತೆಗೆಸಿ, ಒಂದು ಚಹಾ ಕುಡಿದು ಬಂದು ಮತ್ತೆ ಹಾಕಿಸಿ. ದಿನಾಂಕ ಇವತ್ತಿನದೇ ತೋರಿಸಿದರೆ ಮಾತ್ರ ದುಡ್ಡು ಎಣಿಸಿ.