19 ಅಡಿ ಗಾಡಿ, ಐದೂವರೆ ಅಡಿ ಬೆಡ್

ಹಿತ್ತಲಿನ ಶೆಡ್ಡಿಗೆ ಅಟ್ಟ ಹಾಕೋಣ ಅಂತ ಆರು ಪ್ಲೈವುಡ್ ಹಾಳೆ ಬೇಕಿತ್ತು. ನನ್ನ ಕಾರಲ್ಲಿ ಹಿಡಿಯುವ ಮಾತೇ ಇಲ್ಲ, ಅದಕ್ಕೆ ವಾರಾಂತ್ಯಕ್ಕೆ ಒಂದು ಪಿಕಪ್ ಬಾಡಿಗೆಗೆ ತಂದೆ. ಅಮೆರಿಕದ ರಸ್ತೆಗಳಲ್ಲಿ ಈಗ ಎಲ್ಲಿ ನೋಡಿದರೂ ಕಾಣುತ್ತದಲ್ಲ, ಅದೇ ನಾಲ್ಕು ಬಾಗಿಲಿನದ್ದು. ಉದ್ದ 19 ಅಡಿಗೂ ಜಾಸ್ತಿ. ಕಂಪನಿ ಹೆಸರು ಬೇಡ, ಈ ಅಳತೆಯಲ್ಲಿ ಎಲ್ಲರ ಗಾಡಿಯೂ ಹೆಚ್ಚುಕಮ್ಮಿ ಒಂದೇ ಜಾತಕ.

ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ. ಓಡಿಸೋಕೆ ಪರಮ ಸುಖ. ಹೈವೇಯಲ್ಲಿ ಸದ್ದೇ ಇಲ್ಲ, ಹಿಂದಿನ ಸೀಟಲ್ಲಿ ಮಗಳು ಕಾಲು ಚಾಚಿ ನಿದ್ದೆ ಹೊಡೆದಳು. ಎದ್ದವಳೇ "ಅಪ್ಪಾ, ಇದನ್ನೇ ತಗೊಳ್ಳೋಣ" ಅಂದಳು. ಇಲ್ಲೇ ವಿಷಯ ಇರೋದು. ಇದು ಮನೆಮಂದಿ ಓಡಾಡುವ ಕಾರು, ಹಿಂದೆ ಒಂದು ತೊಟ್ಟಿ ಕಟ್ಟಿದ್ದಾರೆ ಅಷ್ಟೇ.

ಪ್ಲೈವುಡ್ ಹಾಳೆ 8 ಅಡಿ ಉದ್ದ, ಬೆಡ್ ಅಂದರೆ ಆ ಹಿಂದಿನ ತೊಟ್ಟಿ ಐದೂವರೆ ಅಡಿ. ತೊಟ್ಟಿಯ ಹಿಂಬಾಗಿಲು (ಟೇಲ್‌ಗೇಟ್) ಇಳಿಸಿದರೂ ಅರ್ಧ ಅಡಿ ಹೊರಗೆ ಇಣುಕುತ್ತಿತ್ತು. ಹಗ್ಗ ಬಿಗಿದು, ಹೆಂಡತಿಯ ಹಳೇ ಕೆಂಪು ದುಪಟ್ಟಾ ತುದಿಗೆ ಕಟ್ಟಿಕೊಂಡು ನಿಧಾನಕ್ಕೆ ಮನೆಗೆ ಬಂದೆ. ಇಷ್ಟು ದೊಡ್ಡ ಗಾಡಿಯಲ್ಲಿ! ಬೆಡ್ಡಿನ ಅಂಚು ನನ್ನ ಎದೆಮಟ್ಟಕ್ಕೆ ಬರುತ್ತದೆ, ಹಾಗಾಗಿ ಒಳಗೆ ಉರುಳಿದ ಮೊಳೆ ಡಬ್ಬಿ ತೆಗೆಯೋಕೆ ಟೈರ್ ಮೇಲೆ ಕಾಲಿಟ್ಟು ಹತ್ತಿ, ಹೊಟ್ಟೆ ಅಂಚಿಗೆ ಒತ್ತಿಕೊಂಡು ಕೈ ಚಾಚಬೇಕಾಯಿತು.

ಪಕ್ಕದ ಮನೆಯ ಯಜಮಾನರ ಹತ್ತಿರ 90ರ ದಶಕದ ಫೋರ್ಡ್ ರೇಂಜರ್ ಪಿಕಪ್ ಇದೆ. ಎರಡೇ ಬಾಗಿಲು, ಒಟ್ಟು ಉದ್ದ 16 ಅಡಿ ಚಿಲ್ಲರೆ, ಬೆಡ್ ಮಾತ್ರ 7 ಅಡಿ. ನೆಲದ ಮೇಲೆ ನಿಂತೇ ಒಳಗಿನ ಸಾಮಾನು ಎತ್ತಬಹುದು. ಅಪಘಾತ ಆದರೆ ಒಳಗಿದ್ದವರಿಗೆ ಹೊಸ ಗಾಡಿಯೇ ವಾಸಿ, ಅದು ಸರಿ. ಆದರೆ ಸಾಮಾನು ಹೇರುವ ಕೆಲಸಕ್ಕೆ?

ಯಾಕೆ ಹೀಗೆ ಊದಿಕೊಂಡಿವೆ ಅಂತ ಆ ರಾತ್ರಿ ಕೂತು ಹುಡುಕಿದೆ. ಫೋರ್ಡ್‌ನ ದೊಡ್ಡ ಪಿಕಪ್ ಎಫ್-150ಯ ಮೊದಲ ತಲೆಮಾರಿನಲ್ಲಿ ಗಾಡಿಯ ಉದ್ದದಲ್ಲಿ ಸುಮಾರು 64% ಬೆಡ್, 36% ಕ್ಯಾಬ್ (ಜನ ಕೂರುವ ಭಾಗ) ಇತ್ತಂತೆ. 2021ರ ಹೊತ್ತಿಗೆ ಅದು ಉಲ್ಟಾ, 37% ಬೆಡ್, 63% ಕ್ಯಾಬ್. ಮನೆಮಂದಿಗೆ ಜಾಗ ಮಾಡಲು ಬೆಡ್ ಕುಗ್ಗಿಸಿ, ಗಾಡಿಯನ್ನೂ ಹಿಗ್ಗಿಸಿದ್ದಾರೆ.

ಇನ್ನೊಂದು ಕಡೆಯಿಂದ ಸರ್ಕಾರದ ಮೈಲೇಜ್ ನಿಯಮವೂ ತಳ್ಳಿದೆ. ಮೊದಲಿಂದಲೂ ಟ್ರಕ್‌ಗಳಿಗೆ (ಇಲ್ಲಿ ಪಿಕಪ್ಪನ್ನೂ ಟ್ರಕ್ ಅಂತಲೇ ಕರೆಯೋದು) ಕಾರಿಗಿಂತ ಸಡಿಲ ಇತ್ತು. 2011ರ ಮಾದರಿಗಳಿಂದ ಎಲ್ಲರಿಗೂ ಹೊಸ ಲೆಕ್ಕ ಬಂತು: ನಾಲ್ಕು ಚಕ್ರಗಳ ನಡುವಿನ ಜಾಗ ಎಷ್ಟು ದೊಡ್ಡದೋ, ಮುಟ್ಟಬೇಕಾದ ಮೈಲೇಜ್ ಅಷ್ಟು ಕಡಿಮೆ. ಇಂಜಿನ್ ಸುಧಾರಿಸೋದು ಕಷ್ಟ, ಚಕ್ರಗಳನ್ನು ದೂರ ಸರಿಸೋದು ಸುಲಭ ಅಲ್ವಾ? ಚಿಕ್ಕ ಟ್ರಕ್ ಮಾಡುವವನಿಗೇ ಪರೀಕ್ಷೆ ಕಠಿಣ. ಅದೇ 2011ರ ಕೊನೆಗೆ ಅಮೆರಿಕದಲ್ಲಿ ಚಿಕ್ಕ ರೇಂಜರ್ ತಯಾರಿ ನಿಂತಿತು, 2019ರ ಮಾದರಿಯಾಗಿ ವಾಪಸ್ ಬಂದಾಗ ಮೈ ಬೆಳೆದಿತ್ತು. 2025ರಲ್ಲಿ ಮೈಲೇಜ್ ತಪ್ಪಿದ್ದಕ್ಕೆ ಹಾಕುವ ದಂಡವನ್ನೇ ಸೊನ್ನೆ ಮಾಡಿದ್ದಾರೆ, ಆದರೆ ಅಷ್ಟು ಹೊತ್ತಿಗೆ ಎಲ್ಲರ ಅಚ್ಚೂ ದೊಡ್ಡದಾಗಿತ್ತು.

ಹೊರಗಿಂದ ಚಿಕ್ಕ ಟ್ರಕ್ ತರಿಸೋಣ ಅಂದರೆ 1964ರಿಂದ 25% ಸುಂಕ ಕೂತಿದೆ. ಅದಕ್ಕೆ ಕಾರಣ ಕೋಳಿ! ಯುರೋಪಿನವರು ಅಮೆರಿಕದ ಕೋಳಿಗೆ ಸುಂಕ ಏರಿಸಿದರು ಅಂತ ಇವರು ಸಿಟ್ಟಿಗೆ ಟ್ರಕ್ ಮೇಲೆ ಏರಿಸಿದರು. ಕೋಳಿ ಜಗಳ ಎಂದೋ ತಣ್ಣಗಾಯಿತು, ಸುಂಕ ಹಾಗೇ ಉಳೀತು.

ಇದೆಲ್ಲ ಹಾಗಿರಲಿ, ನನಗೆ ನಿಜವಾಗಿ ಹೆದರಿಕೆ ಆಗಿದ್ದು ಬಾನೆಟ್ಟಿಂದ. ಅಂಗಡಿಯ ಪಾರ್ಕಿಂಗಿನಲ್ಲಿ ಗೆರೆಯೊಳಗೆ ಗಾಡಿ ಹಿಡಿಯದೆ ಮೂತಿ ಹೊರಗೆ ಚಾಚಿತ್ತು. ಹೊರಡೋಣ ಅಂತ ಬ್ರೇಕ್ ಬಿಡುವಷ್ಟರಲ್ಲಿ ಕ್ಯಾಮೆರಾ ಕಿರುಚಿತು. ಮುಂದೆ ಏನೂ ಕಾಣಲಿಲ್ಲ. ಸ್ಕ್ರೀನ್ ನೋಡಿದರೆ, ನಾಲ್ಕೈದು ವರ್ಷದ ಹುಡುಗ ತಳ್ಳುಗಾಡಿಯ ಚಕ್ರ ತಿರುಗಿಸುತ್ತಾ ನಿಂತಿದ್ದಾನೆ. ಅವರಮ್ಮ ಬಂದು ಎಳೆದುಕೊಂಡು ಹೋಗುವವರೆಗೂ ಬ್ರೇಕ್ ಮೇಲಿಂದ ಕಾಲು ತೆಗೆಯಲಿಲ್ಲ ನಾನು. ಅಮೆರಿಕದಲ್ಲಿ ವಿಮಾ ಕಂಪನಿಗಳ ದುಡ್ಡಲ್ಲಿ ನಡೆಯುವ ಹೆದ್ದಾರಿ ಸುರಕ್ಷತಾ ಸಂಸ್ಥೆ 2023ರಲ್ಲಿ ಲೆಕ್ಕ ಹಾಕಿ ಹೇಳಿದೆ: ಬಾನೆಟ್ 40 ಇಂಚಿಗಿಂತ ಎತ್ತರ ಇದ್ದರೆ, 30 ಇಂಚಿನೊಳಗಿನ ಇಳಿಜಾರು ಮೂತಿಯ ಗಾಡಿಗಿಂತ, ಗುದ್ದಿದಾಗ ಪಾದಚಾರಿ ಸಾಯುವ ಸಂಭವ ಸುಮಾರು 45% ಜಾಸ್ತಿ. ಭಾರ ಎಳೆಯುವಾಗ ಇಂಜಿನ್ ತಣ್ಣಗಿರಲು ಮುಂದೆ ಗಾಳಿ ನುಗ್ಗುವ ದೊಡ್ಡ ಗ್ರಿಲ್ ಬೇಕು, ಅದಕ್ಕೇ ಮೂತಿ ಎತ್ತರ ಅನ್ನುತ್ತಾರೆ. ಸ್ವಲ್ಪ ನಿಜ. ಉಳಿದದ್ದು ಸುಮ್ನೆ ಗತ್ತು, ನನ್ನ ಕೇಳಿದರೆ.

ಮನೆಮಂದಿಯ ಕಾರು ಅಂತ 5ಕ್ಕೆ 4 ಕೊಡುತ್ತೇನೆ, ಲೋಡ್ ಗಾಡಿ ಅಂತ 2. ದೋಣಿ, ಟ್ರೇಲರ್ ಎಳೆಯುವವರಿಗೆ ಇದೇ ಬೇಕಾಗಬಹುದು, ಅವರ ಮಾತು ಬೇರೆ. ನಾನು ಕೊಳ್ಳೋದಾದರೆ 2022ರ ಮಾದರಿಯಿಂದ ಬಂದಿರುವ ಫೋರ್ಡ್ ಮಾವೆರಿಕ್ ನೋಡುತ್ತೇನೆ, ಬೆಡ್ ಬರೀ ನಾಲ್ಕೂವರೆ ಅಡಿ, ಆದರೆ ಉದ್ದ 17 ಅಡಿಯೊಳಗೆ ಮುಗಿಯುತ್ತದೆ, ಹೈಬ್ರಿಡ್ ಕೂಡ ಸಿಗುತ್ತದೆ.

ಅಟ್ಟಕ್ಕೆ ಇನ್ನೂ ಎರಡು ಹಾಳೆ ಕಮ್ಮಿ ಬಿದ್ದಿದೆ. ರೇಂಜರ್ ಯಜಮಾನರನ್ನು ಕೇಳಿ ಆಗಿದೆ, ಪೆಟ್ರೋಲ್ ಹಾಕಿಸಿ ಕೊಟ್ಟರೆ ಸಾಕು ಅಂದರು.