ಹಳೇ ಕಾರಿನ ಡಿಜಿಟಲ್ ಮೀಟರ್: ಎಚ್‌ಯುಡಿ ಹಾಕಿ ನೋಡಿದೆ, ಕೊನೆಗೆ ಹಾಳೆ ಬದಲಾಯಿಸಿದೆ

ನಮ್ಮ ಕಾರಿನ ಮೀಟರಿನಲ್ಲಿ ಮುಳ್ಳೇ ಇಲ್ಲ. ಸ್ಪೀಡು, ಪೆಟ್ರೋಲು, ಓಡಿದ ಕಿಲೋಮೀಟರು, ಗಡಿಯಾರ ಎಲ್ಲಾ ಒಂದೇ ಎಲ್‌ಸಿಡಿಯಲ್ಲಿ. 2012ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಕಂಪನಿ ಯಾವುದು ಅಂತ ಹೇಳಲ್ಲ, ಆ ಕಾಲದ ಡಿಜಿಟಲ್ ಮೀಟರ್ ಇರೋ ಯಾವ ಕಾರಿಗೂ ಈ ಗೋಳು ಬರಬಹುದು. ನನ್ನದು ಎಪಿಎಂಸಿಯಲ್ಲಿ ಮೆಕ್ಕೆಜೋಳದ ದಲ್ಲಾಳಿ ವ್ಯಾಪಾರ. ಬೆಳಿಗ್ಗೆ ಅಂಗಡಿ ಮುಂದೆ ನಿಂತ ಕಾರು ಸಂಜೆತನಕ ಬಿಸಿಲಲ್ಲೇ. ದಾವಣಗೆರೆ ಏಪ್ರಿಲ್ ಬಿಸಿಲು ಗೊತ್ತಲ್ಲ! ಮೊದಲು ಪರದೆಯ ಮೂಲೆಯಲ್ಲಿ ಚಹಾ ಚೆಲ್ಲಿದಂಥ ಕಲೆ ಬಿತ್ತು. ಮರುವರ್ಷಕ್ಕೆ ಅದು ಪೆಟ್ರೋಲ್ ಗೀಟುಗಳನ್ನೂ ನುಂಗಿ, ಸ್ಪೀಡಿನ ಅರ್ಧಕ್ಕೆ ಬಂತು. 80 ಯಾವುದು 60 ಯಾವುದು ಗೊತ್ತಾಗದು.

ಸರ್ವೀಸ್ ಸೆಂಟರಿನವರ ಉತ್ತರ ಒಂದೇ: "ರಿಪೇರಿ ಇಲ್ಲ ಸಾರ್, ಪೂರ್ತಿ ಮೀಟರ್ ಸೆಟ್ಟೇ ಬದಲಾಯಿಸಬೇಕು." ಅವರು ಹೇಳಿದ ರೇಟಿಗೆ ನಾಲ್ಕೂ ಟೈರ್ ಹೊಸದು ಹಾಕಿಸಬಹುದಿತ್ತು. ಅದೂ ಆರ್ಡರ್ ಹಾಕಿ ಕಾಯಬೇಕು, ಹೊಸ ಮೀಟರನ್ನು ಕಾರಿಗೆ ಹೊಂದಿಸೋ ಕೋಡಿಂಗ್ ಚಾರ್ಜ್ ಬೇರೆ. ಗುಜರಿಯಲ್ಲಿ ಸೆಕೆಂಡ್‌ಹ್ಯಾಂಡ್ ಸಿಗುತ್ತೆ, ಆದರೆ ಓಡಿದ ಕಿಲೋಮೀಟರ್ ಆ ಮೀಟರಿನೊಳಗಿನ ಚಿಪ್ಪಿನಲ್ಲೇ ಇರುತ್ತೆ. ಬೇರೆಯವರ ಕಾರಿನ ಲೆಕ್ಕ ನಮ್ಮ ಕಾರಿಗೆ ಬಂದು ಕೂರುತ್ತೆ. ನಾಳೆ ಮಾರುವಾಗ ಯಾರು ನಂಬ್ತಾರೆ?

ಹಾಗಾಗಿ ಮಗ ಆನ್‌ಲೈನಿನಲ್ಲಿ ಎಚ್‌ಯುಡಿ, ಅಂದರೆ ಹೆಡ್-ಅಪ್ ಡಿಸ್‌ಪ್ಲೇ ತರಿಸಿದ. ಸ್ಟೀರಿಂಗ್ ಕೆಳಗಿನ ಓಬಿಡಿ ಸಾಕೆಟ್ಟಿಗೆ (ಮೆಕ್ಯಾನಿಕ್‌ಗಳು ಸ್ಕ್ಯಾನರ್ ಹಾಕಿ ಇಂಜಿನ್ ಪರೀಕ್ಷಿಸೋ ಜಾಗ) ಚುಚ್ಚಿ ಡ್ಯಾಶ್‌ಬೋರ್ಡ್ ಮೇಲೆ ಇಟ್ಟರಾಯಿತು, ಎದುರಿನ ಗಾಜಿನ ಮೇಲೆ ಸ್ಪೀಡ್ ಬೀಳುತ್ತೆ. ಎರಡು ಸಾವಿರದೊಳಗೆ ಮುಗಿಯಿತು. ನನ್ನ ಕಾರಿನಲ್ಲಿ ಪುಣ್ಯಕ್ಕೆ ಹಾಕಿದ ಕೂಡಲೇ ಕೆಲಸ ಮಾಡ್ತು. 2013ಕ್ಕಿಂತ ಹಿಂದಿನ ಕಾರುಗಳಲ್ಲಿ ಸಾಕೆಟ್ ಇದ್ದರೂ ಮಾಹಿತಿ ಸಿಗುತ್ತೆ ಅನ್ನೋ ಖಾತ್ರಿ ಇಲ್ಲ. ಯಾರದಾದರೂ ಬ್ಲೂಟೂತ್ ಸ್ಕ್ಯಾನರ್ ಚುಚ್ಚಿ ನೋಡಿಯೇ ತಗೊಳ್ಳಿ. ಬರೀ ಜಿಪಿಎಸ್ ಮೇಲೆ ಓಡೋ ಮಾಡೆಲ್ ಯಾವ ಕಾರಿಗಾದರೂ ಆಗುತ್ತೆ.

ರಾತ್ರಿ ಹೈವೇಯಲ್ಲಿ ಅದರ ಸುಖವೇ ಬೇರೆ. ಚಿತ್ರದುರ್ಗದಿಂದ ವಾಪಸ್ ಬರುವಾಗ ಕಣ್ಣು ಕೆಳಗಿಳಿಸದೆ ಸ್ಪೀಡ್ ಕಾಣ್ತಿತ್ತು. ಹಳೇ ಮೀಟರಿಗಿಂತ ಮೂರ್ನಾಲ್ಕು ಕಮ್ಮಿ ತೋರಿಸೋದು, ಅದು ಎಚ್‌ಯುಡಿ ತಪ್ಪಲ್ಲ. ಕಾರಿನ ಮೀಟರ್ ನಿಜವಾದ ವೇಗಕ್ಕಿಂತ ಕಮ್ಮಿ ತೋರಿಸಬಾರದು ಅಂತ ನಿಯಮ ಇರೋದರಿಂದ ಕಂಪನಿಯವರು ಬೇಕಂತಲೇ ಸ್ವಲ್ಪ ಜಾಸ್ತಿ ಇಟ್ಟಿರ್ತಾರೆ.

ಹಗಲಿಗೆ ಬಂದರೆ ಎಲ್ಲಾ ಉಲ್ಟಾ. ಮಧ್ಯಾಹ್ನ ಗಾಜಿನ ಮೇಲೆ ಏನೂ ಕಾಣಲ್ಲ. ಜೊತೆಗೆ ಕೊಟ್ಟ ಫಿಲ್ಮ್ ಅಂಟಿಸಿದರೆ ಒಂದೇ ಅಂಕಿ ಎರಡಾಗೋದು ತಪ್ಪುತ್ತೆ, ಬಿಸಿಲಿಗೆ ಅದೂ ಉಪಯೋಗಕ್ಕೆ ಬರಲಿಲ್ಲ. ಊರಿಗೆ ಹೋಗಿ ವಾರ ಬಿಟ್ಟು ಬಂದರೆ ಬ್ಯಾಟರಿ ಡೌನ್. ಓಬಿಡಿ ಸಾಕೆಟ್ಟಿಗೆ ಚಾವಿ ತೆಗೆದರೂ ಕರೆಂಟ್ ಬರ್ತಾನೇ ಇರುತ್ತೆ, ಈ ಡಬ್ಬಿಗೆ ಮಲಗೋಕೆ ಬರ್ತಿರಲಿಲ್ಲ.

ನನ್ನ ತಲೆ ಕೆಡಿಸಿದ್ದು ಪೆಟ್ರೋಲು. ಟ್ಯಾಂಕಿನೊಳಗೆ ಪೆಟ್ರೋಲ್ ಮಟ್ಟ ಅಳೆಯೋ ಫ್ಲೋಟಿನ ವೈರು ಇಂಥ ಎಷ್ಟೋ ಕಾರುಗಳಲ್ಲಿ ನೇರ ಮೀಟರಿಗೇ ಹೋಗುತ್ತೆ, ಇಂಜಿನ್ ಕಂಪ್ಯೂಟರಿಗೆ ಪೆಟ್ರೋಲ್ ಎಷ್ಟಿದೆ ಅಂತ ಗೊತ್ತೇ ಇರಲ್ಲ. ಎಚ್‌ಯುಡಿ ಎಲ್ಲಿಂದ ತೋರಿಸಬೇಕು? ಟ್ಯಾಂಕ್ ಫುಲ್ ಮಾಡಿಸೋ ಅಭ್ಯಾಸ ನನಗಿಲ್ಲ, ಕೈಗೆ ಬಂದಷ್ಟು ಐನೂರು, ಸಾವಿರ ಹಾಕಿಸೋನು. ಪಿ.ಬಿ. ರೋಡಿನ ಬಂಕಿನಲ್ಲಿ ಹಾಕಿಸಿದ ಮೇಲೆ ಸನ್‌ವೈಸರಿಗೆ ಸಿಕ್ಕಿಸಿದ ಚೀಟಿಯಲ್ಲಿ ಲೀಟರ್ ಬರೆಯೋದು, ಹರಿಹರಕ್ಕೆ ಹೋಗಿಬಂದರೆ ಇಷ್ಟು, ದುರ್ಗಕ್ಕಾದರೆ ಅಷ್ಟು ಅಂತ ಕಳೆಯೋದು. ಪೆನ್ನು ಬಿಸಿಲಿಗೆ ಇಂಕು ಕಕ್ಕಿ ಚೀಟಿ, ಅಂಗಿ ಎರಡೂ ನೀಲಿ. ಮಗ ಚೀಟಿ ಬರೆಯದೆ ಗಾಡಿ ಒಯ್ದ ದಿನ ಲೆಕ್ಕ ಪೂರ್ತಿ ಹಾಳು. "ಒಂದು ಮುಳ್ಳಿನ ಮೀಟರಿರೋ ಕಾರು ತಗೊಂಡಿದ್ರೆ ಆಗ್ತಿರಲಿಲ್ವಾ?" ಅಂತ ಮನೆಯವಳು ಪ್ರತಿ ಸಲ ಕೇಳೋಳು.

ದಾರಿ ಸಿಕ್ಕಿದ್ದು ಅಂಗಡಿಯಲ್ಲೇ. ನಮ್ಮ ಎಲೆಕ್ಟ್ರಾನಿಕ್ ತಕ್ಕಡಿ ರಿಪೇರಿಗೆ ಬರೋ ಹುಡುಗ ಕಾರೊಳಗೆ ಬಗ್ಗಿ ನೋಡಿ, "ಅಣ್ಣಾರೆ, ಡಿಸ್‌ಪ್ಲೇ ಸತ್ತಿಲ್ಲ. ಮೇಲಿನ ಹಾಳೆ ಸುಟ್ಟೈತಿ ಅಷ್ಟೇ. ತಕ್ಕಡಿಗೂ ಹಿಂಗೇ ಆಗ್ತೈತಿ" ಅಂದ. ಎಲ್‌ಸಿಡಿ ಗಾಜಿನ ಮೇಲೊಂದು, ಕೆಳಗೊಂದು ಪೋಲರೈಸರ್ ಹಾಳೆ, ಅಂದರೆ ಬೆಳಕು ಸೋಸೋ ಪ್ಲಾಸ್ಟಿಕ್ ಹಾಳೆ ಇರುತ್ತೆ; ಎರಡೂ ಇದ್ದರೇ ಅಂಕಿ ಕಾಣೋದು. ಬಿಸಿಲು, ಕಾವು ಸೇರಿ ಅದನ್ನು ಹಾಳು ಮಾಡುತ್ತೆ, ಒಳಗಿನ ಗಾಜು ಗಟ್ಟಿಯಾಗೇ ಇರುತ್ತೆ.

ಭಾನುವಾರ ಮೀಟರ್ ಬಿಚ್ಚಿ ಟೇಬಲ್ ಮೇಲೆ ಇಟ್ಟುಕೊಂಡ. ಬ್ಲೇಡಿನಿಂದ ಮೂಲೆ ಎತ್ತಿ ಹಳೇ ಹಾಳೆ ಸುಲಿದ, ಉಳಿದ ಗೋಂದನ್ನು ಸ್ಪಿರಿಟ್ ಹಾಕಿ ನಿಧಾನಕ್ಕೆ ಒರೆಸಿದ. ಬೋರ್ಡಿಗೂ ಗಾಜಿಗೂ ನಡುವೆ ಕೂರೋ ಪಟ್ಟೆಪಟ್ಟೆ ರಬ್ಬರನ್ನೂ ತೆಗೆದು ಒರೆಸಿದ, ಅದರಲ್ಲಿ ಕೊಳೆ ಕೂತರೆ ಅಂಕಿಯ ಒಂದೊಂದು ಗೀಟು ಮಾಯ ಆಗುತ್ತಂತೆ. ಪಕ್ಕದಲ್ಲಿ ಬ್ಯಾಟರಿ ಇಟ್ಟು ಕರೆಂಟ್ ಕೊಟ್ಟಾಗ ಗಾಜಿನ ಮೇಲೆ ಒಂದು ಅಂಕಿಯೂ ಇಲ್ಲ! ಹೋಯ್ತು ಅಂದುಕೊಂಡೆ. ಅವನು ಹೊಸ ಹಾಳೆಯನ್ನು ಅದರ ಮೇಲೆ ಹಿಡಿದು ಮೆಲ್ಲಗೆ ತಿರುಗಿಸುತ್ತಾ ಹೋದ. ಒಂದು ಕೋನಕ್ಕೆ ಬಂದಾಗ ಅಂಕಿಗಳು ಕಪ್ಪಗೆ, ಗರಿಗರಿಯಾಗಿ ಎದ್ದು ನಿಂತವು. ಇನ್ನೂ ತಿರುಗಿಸಿದರೆ ಹಿನ್ನೆಲೆ ಕಪ್ಪು, ಅಂಕಿ ಬಿಳಿ. "ಯಾವುದು ಬೇಕು ಹೇಳ್ರಿ, ಹಂಗೇ ಅಂಟಿಸ್ತೀನಿ" ಅಂತ ನಕ್ಕ. ಕಾರು ಕೊಂಡ ದಿನವೂ ಆ ಪರದೆಯನ್ನು ನಾನು ಅಷ್ಟು ಹೊತ್ತು ನೋಡಿರಲಿಲ್ಲ. ಹಾಳೆ, ಕೂಲಿ ಎಲ್ಲಾ ಸೇರಿ ಎಚ್‌ಯುಡಿಗಿಂತ ಕಮ್ಮಿಗೆ ಮುಗೀತು, ಕಿಲೋಮೀಟರ್ ಲೆಕ್ಕವೂ ನಮ್ಮದೇ ಉಳೀತು.

ಎರಡು ಬೇಸಿಗೆ ಕಳೆದಿದೆ, ಮತ್ತೆ ಕಲೆ ಬಂದಿಲ್ಲ. ಬಲಮೂಲೆಯಲ್ಲಿ ಸಣ್ಣ ಗಾಳಿಗುಳ್ಳೆ ಇದೆ. ಪೋಲರೈಸ್ಡ್ ತಂಪು ಕನ್ನಡಕ ಹಾಕಿ ತಲೆ ವಾಲಿಸಿದರೆ ಪರದೆ ಮಂಕಾಗುತ್ತೆ, ಅದು ಎಲ್‌ಸಿಡಿಯ ಗುಣ. 2027ಕ್ಕೆ ಕಾರಿಗೆ ಹದಿನೈದು ತುಂಬುತ್ತೆ, ಆರ್‌ಸಿ ರಿನ್ಯೂವಲ್‌ಗೆ ಆರ್‌ಟಿಒ ಆಫೀಸಿಗೆ ಒಯ್ಯಬೇಕು. ಸ್ಪೀಡೋಮೀಟರ್ ಇರಲೇಬೇಕು ಅನ್ನುತ್ತೆ ಕಾನೂನು, ಡ್ಯಾಶ್‌ಬೋರ್ಡ್ ಮೇಲೆ ಕೂರಿಸಿದ ಡಬ್ಬಿ ತೋರಿಸಿ ಇನ್‌ಸ್ಪೆಕ್ಟರನ್ನು ಒಪ್ಪಿಸೋ ಧೈರ್ಯ ನನಗಿರಲಿಲ್ಲ. ಪರದೆ ಪೂರ್ತಿ ಬ್ಲ್ಯಾಂಕ್ ಆಗಿದ್ದರೆ ಅಥವಾ ಕಾರು ಓಡುವಾಗ ಬಿಟ್ಟುಬಿಟ್ಟು ಬರ್ತಿದ್ದರೆ ಹಾಳೆಯಿಂದ ಏನೂ ಆಗಲ್ಲ, ಬೋರ್ಡಿನ ಬೆಸುಗೆ ಬಿಟ್ಟಿರಬಹುದು, ಅದಕ್ಕೆ ಬೇರೆಯವರನ್ನೇ ಹುಡುಕಬೇಕು.

ಈಚೆಗೆ ಗಡಿಯಾರದ ಎರಡು ಚುಕ್ಕಿ ಮಿನುಗೋದು ನಿಂತಿದೆ. ರಬ್ಬರ್ ಮತ್ತೆ ಒರೆಸಬೇಕು ಅಂತಾನೆ ಹುಡುಗ. ಅಷ್ಟಕ್ಕೆ ಡ್ಯಾಶ್‌ಬೋರ್ಡ್ ಬಿಚ್ಚಿಸಲ್ಲ, ಕೈಯಲ್ಲಿ ವಾಚಿದೆ.